ಕೊಂಡ ಆಟಕ್ಕೆ ಬೀಗವೇಕೆ?

ಬೆಲೆ ತೆತ್ತು ಕೊಂಡ ವಿಡಿಯೋ ಗೇಮಿನ ಬ್ಯಾಕಪ್ ಪ್ರತಿಯೊಂದನ್ನು ಮನೆಯಲ್ಲಿ ತೆಗೆದಿಟ್ಟುಕೊಂಡವನು ಕಳ್ಳನೆಂಬ ಮಾತನ್ನು ನಾವು ಒಪ್ಪೆವು. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯೂ ಒಪ್ಪದು. ಅದರ 52ನೆಯ ಕಲಮನ್ನು ಓದಿ ನೋಡಿರಿ. ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿದವನು, ಅದು ಕಳೆದೀತು, ಕೆಟ್ಟೀತು ಎಂಬ ಮುನ್ನೆಚ್ಚರಿಕೆಗಾಗಿ ಮಾತ್ರ ಮತ್ತೊಂದು ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆಯಲ್ಲ. ಗೇಮಿನಲ್ಲಿ ಚಿತ್ರವಿದೆ, ಸಂಗೀತವಿದೆ, ಅವಕ್ಕೆ ಈ ಕಲಮು ಸಲ್ಲದೆಂದು ವಾದಿಸುವವರುಂಟು. ಚಿತ್ರ ಸಂಗೀತಗಳನ್ನು ಕಳಚಿಟ್ಟು ಆಡಬಹುದಾದ ಗೇಮೊಂದನ್ನು ಅವರೇ ತೋರಿಸಲಿ!

ಕಾಯಿದೆ ಕೊಟ್ಟದ್ದನ್ನು ಕಂಪನಿಗಳು ಬೀಗ ಹಾಕಿ ಕಸಿದುಕೊಂಡಿವೆ. ಪ್ರತಿ ತೆಗೆಯಬಾರದೆಂದೇ ಡಿಸ್ಕಿಗೆ ತಾಂತ್ರಿಕ ತಡೆ ಹಾಕಿರುತ್ತಾರೆ. ಅದನ್ನು ಮುರಿದರೆ ಜೈಲೆಂದು ಹೆದರಿಸುವವರು 2012ರಲ್ಲಿ ಸೇರಿಸಿದ 65ಎ ಕಲಮನ್ನು ಅರ್ಧ ಮಾತ್ರ ಓದುತ್ತಾರೆ. ಎರಡು ವರ್ಷದವರೆಗಿನ ಆ ಸೆರೆ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದವನಿಗೆ. ಕಾಯಿದೆ ನಿಷೇಧಿಸದ ಕೆಲಸಕ್ಕಾಗಿ ಮುರಿದವನಿಗಲ್ಲ. ಆದರೆ ಬೀಗದ ಕೈ ಕೊಡಿರೆಂದು ಆ ಕಲಮು ಕಂಪನಿಗೆ ಹೇಳುವುದಿಲ್ಲ. ಸಾಮಾನ್ಯ ಗಿರಾಕಿ ಅದನ್ನು ತೆರೆಯುವ ಬಗೆಯೆಂತು?

ಪ್ರತಿ ಮಾಡಿ ಫುಟ್‌ಪಾತಿನಲ್ಲಿ ಮಾರುವವರ ಪಕ್ಷ ನಮ್ಮದಲ್ಲ. ಮೂಲವನ್ನು ಮಾರಿ ಪ್ರತಿಯನ್ನು ಇಟ್ಟುಕೊಳ್ಳುವವರದೂ ಅಲ್ಲ. ಪಗಾರದಲ್ಲಿ ಉಳಿಸಿ ಮಕ್ಕಳಿಗೆ ಗೇಮು ತಂದ ಕಾಮಗಾರನ ಮಾತು ನಮ್ಮದು. ಡಿಸ್ಕಿಗೆ ಗೀರು ಬಿದ್ದರೆ ಅವನು ಮತ್ತೆ ಪೂರ್ತಿ ಬೆಲೆ ಏಕೆ ತೆರಬೇಕು? ಪ್ರತಿ ತೆಗೆಯಲು ಬಿಡಿರಿ. ಆಗದಿದ್ದರೆ, ಕೆಟ್ಟ ಡಿಸ್ಕನ್ನು ಪಡೆದು ಟಪಾಲಿನ ಖರ್ಚಿಗಷ್ಟೇ ಹೊಸದನ್ನು ಕೊಡಿರಿ.