ಕಿವಿ ಗುಂಯ್ ಎನ್ನುತ್ತಿದೆ, ಪುಸ್ತಕ ಇಂಗ್ಲಿಷಿನಲ್ಲಿದೆ!



ನಿಮ್ಮ ಮನೆಯಲ್ಲಿ ಗೊರಕೆ ಹೊಡೆಯುತ್ತಲೇ ಉಸಿರು ನಿಂತು, ಗಕ್ಕನೆ ಎದ್ದು ಕೂರುವವರು ಇದ್ದಾರೆಯೇ? ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿಕೊಳ್ಳುವ ಈ ಕಾಯಿಲೆಗೆ ವೈದ್ಯರು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಅದಕ್ಕೆ ಸಿಪ್ಯಾಪ್ ಎಂಬ ಯಂತ್ರವಿದೆ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಅದನ್ನು ಜಗತ್ತಿಗೆ ಪರಿಚಯಿಸಿದರು. ಮಾಸ್ಕ್ ಕಟ್ಟಿ, ರಾತ್ರಿಯಿಡೀ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವುದೇ ಅದರ ಕೆಲಸ. ಒಳ್ಳೆಯ ಯಂತ್ರ. ನಮ್ಮ ತಕರಾರು ಯಂತ್ರದ ಮೇಲಲ್ಲ, ಮಾರುವವರ ಮೇಲೆ!

ಸಾವಿರಾರು ರೂಪಾಯಿ ಎಣಿಸಿಕೊಂಡು ಡಬ್ಬ ಕೈಗಿಡುತ್ತಾರೆ. ಒಳಗಿನ ಪುಸ್ತಕ ಇಂಗ್ಲಿಷಿನಲ್ಲಿ. ಸಿರುಗುಪ್ಪದ ಅಕ್ಕಿ ಗಿರಣಿಯ ಹಮಾಲರು, ಕುರುಗೋಡಿನ ರೈತರು, ಬಳ್ಳಾರಿಯ ಅದಿರು ಲಾರಿಯ ಚಾಲಕರು ಅದನ್ನು ಓದುವುದು ಹೇಗೆ ಸ್ವಾಮಿ?

ಆಮೇಲೆ ಶುರುವಾಗುತ್ತದೆ ನೋಡಿ. ಕಿವಿ ಮುಚ್ಚಿದಂತೆ, ಒಳಗೆ ಗುಂಯ್ ಎಂದಂತೆ. ಮೂಗು ಒಣಗಿ ಉರಿ, ಕೆಲವರಿಗೆ ರಕ್ತ. ಹುಬ್ಬಿನ ಮೇಲೆ, ಕೆನ್ನೆಯಲ್ಲಿ ಭಾರ. ಯಾಕೆ? ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಳಿಕೆ ಇದೆ. ಉಗುಳು ನುಂಗಿದಾಗ ತೆರೆಯುವ ದಾರಿ ಅದು. ಯಂತ್ರ ಊದುವ ಗಾಳಿಯ ಒತ್ತಡ ಅದರೊಳಗೂ ನುಗ್ಗಬಹುದು. ನೆಗಡಿಯಿಂದ ನಳಿಕೆ ಊದಿಕೊಂಡಿದ್ದರೆ ನೋವು ಇನ್ನೂ ಹೆಚ್ಚು. ಒಣಗಾಳಿಗೆ ಮೂಗಿನ ಒಳಪೊರೆ ಕೆರಳಿ ಊದಿದರೆ ಸೈನಸ್ಸಿನ ಬಾಯಿ ಕಟ್ಟುತ್ತದೆ. ನಿದ್ದೆಯಲ್ಲಿ ಬಾಯಿ ತೆರೆದುಕೊಂಡರಂತೂ ಗಾಳಿ ಮೂಗಿನಿಂದ ಒಳಗೆ, ಬಾಯಿಂದ ಹೊರಗೆ! ಮೂಗು ಮತ್ತಷ್ಟು ಒಣಗುತ್ತದೆ, ಮತ್ತಷ್ಟು ಕಟ್ಟುತ್ತದೆ.

ನಮ್ಮ ಊರುಗಳ ಬಿಸಿಲು ಗೊತ್ತಲ್ಲ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಹವೆ. ಜೊತೆಗೆ ಅದಿರಿನ ಕೆಂಧೂಳು, ಗಿರಣಿಯ ತೌಡಿನ ಧೂಳು. ಯಂತ್ರ ಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಪುಟ್ಟ ಫಿಲ್ಟರ್ ಇರುತ್ತದೆ. ಇಲ್ಲಿ ಅದನ್ನು ವಾರಕ್ಕೊಮ್ಮೆಯಾದರೂ ತೆಗೆದು ನೋಡಬೇಕು, ಕೊಳೆಯಾಗಿದ್ದರೆ ಬದಲಿಸಬೇಕು. ಈ ಮಾತು ಎಷ್ಟು ಮನೆಗಳಿಗೆ ಕನ್ನಡದಲ್ಲಿ ತಲುಪಿದೆ?

ತಲುಪದಿದ್ದರೆ ಆಗುವುದೊಂದೇ, ಯಂತ್ರ ಅಟ್ಟ ಸೇರುತ್ತದೆ. ಕಾಯಿಲೆ ಮಾತ್ರ ಎಲ್ಲೂ ಹೋಗುವುದಿಲ್ಲ. ರಕ್ತದೊತ್ತಡ ಏರುತ್ತದೆ, ಹಗಲೆಲ್ಲ ತೂಕಡಿಕೆ. ತೂಕಡಿಸುವವರ ಕೈಯಲ್ಲಿ ಲಾರಿಯ ಸ್ಟೇರಿಂಗ್ ಇದ್ದರೆ?

ಇಷ್ಟಕ್ಕೂ ಪರಿಹಾರ ದೊಡ್ಡದಲ್ಲ. ಗಾಳಿಯನ್ನು ಬೆಚ್ಚಗೆ, ತೇವವಾಗಿ ಕೊಡುವ ಹ್ಯುಮಿಡಿಫೈಯರ್ ಇದೆ. ಅದಕ್ಕೆ ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ನೀರು ಹಾಕಿ, ದಿನವೂ ಬದಲಿಸಿ. ಮಲಗುವ ಮುನ್ನ ಸಲೈನ್ ಹನಿಯಿಂದ ಮೂಗು ತೊಳೆಯಬಹುದು. ಒತ್ತಡವನ್ನು ನಿಧಾನವಾಗಿ ಏರಿಸುವ ಸೌಲಭ್ಯವೂ ಹಲವು ಯಂತ್ರಗಳಲ್ಲಿದೆ. ಬಾಯಿ ತೆರೆಯುವವರಿಗೆ ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಸಿಗುತ್ತದೆ. ಆದರೆ ಒತ್ತಡದ ಅಂಕಿಯನ್ನು ನೀವೇ ತಿರುಗಿಸಬೇಡಿ, ಅದು ವೈದ್ಯರ ಕೆಲಸ. ಕಿವಿ ಸೋರಿದರೆ, ಕೇಳಿಸುವುದು ಕಡಿಮೆಯಾದರೆ, ಜ್ವರದೊಂದಿಗೆ ಮುಖ ನೋಯುತ್ತಿದ್ದರೆ ತಡಮಾಡದೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಿ.

ಇನ್ನು ಕಾನೂನಿನ ಮಾತು. 2011ರ ಕೇಂದ್ರದ ಪೊಟ್ಟಣ ಸರಕು ನಿಯಮದ ಪ್ರಕಾರ ಪೊಟ್ಟಣದ ಮೇಲಿನ ವಿವರ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿರಬೇಕು, ಬೇರೆ ಭಾಷೆಯನ್ನು ಜೊತೆಗೆ ಬೇಕಿದ್ದರೆ ಹಾಕಬಹುದು. ಬೇಕಿದ್ದರೆ! ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯಡಿ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಆದೇಶವನ್ನೇನೋ ಹೊರಡಿಸಿತು. ಆದರೆ ಅದು ಹೇಳುವುದು ರಾಜ್ಯದಲ್ಲೇ ತಯಾರಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಲಿ ಎಂದು. ಹೊರಗಿನಿಂದ ಬರುವ ಯಂತ್ರ ಈ ಜಾಲರಿಯಿಂದ ಸಲೀಸಾಗಿ ನುಣುಚಿಕೊಳ್ಳುತ್ತದೆ. ಸೋಪಿನ ಹೆಸರು ಕನ್ನಡದಲ್ಲಿ ಬೇಕು, ಮೂಗಿಗೆ ಕಟ್ಟುವ ಯಂತ್ರದ ಸೂಚನೆ ಬೇಡವೇ?

ವಿಮ್ಸ್ ಎಂದೇ ನಾವೆಲ್ಲ ಕರೆಯುತ್ತ ಬಂದ ಬಳ್ಳಾರಿ ವೈದ್ಯಕೀಯ ಕಾಲೇಜಿಗೆ ನಮ್ಮ ಬೇಡಿಕೆ ಇಷ್ಟೇ: ಒಂದೇ ಹಾಳೆ, ಎರಡೂ ಬದಿ, ಕನ್ನಡದಲ್ಲಿ. ಅದನ್ನು ಸಿರುಗುಪ್ಪ, ಕುರುಗೋಡು ಆಸ್ಪತ್ರೆಗಳಲ್ಲೂ ಇಡಲಿ. ಬಂಧುಗಳೇ, ನೀವೂ ಹಣ ಕೊಡುವ ಮೊದಲೇ ಕನ್ನಡದ ಸೂಚನೆ ಕೇಳಿ. ಇಲ್ಲ ಎಂದರೆ ಮಾರುವವನನ್ನು ಎದುರಿಗೆ ಕೂರಿಸಿಕೊಂಡು ಫಿಲ್ಟರ್, ನೀರು, ಮಾಸ್ಕ್ ಮೂರನ್ನೂ ಕನ್ನಡದಲ್ಲಿ ಹೇಳಿಸಿ, ಬಿಲ್ಲಿನ ಹಿಂಬದಿಯಲ್ಲೇ ಬರೆಸಿಕೊಳ್ಳಿ.