ಲೆನ್ಸ್ ಬೆಳೆಯುವುದಿಲ್ಲ

ಪೊರೆ ತೆಗೆದು ಲೆನ್ಸ್ ಕೂರಿಸಿದರೆ ಕೆಲಸ ಮುಗಿಯಿತು ಎಂಬ ಮಾತು ಅಜ್ಜನ ಕಣ್ಣಿಗೆ ಸರಿ, ಮೊಮ್ಮಗಳ ಕಣ್ಣಿಗೆ ಸುಳ್ಳು. ಹುಟ್ಟಿದಾಗ ಸುಮಾರು 17 ಮಿಲಿಮೀಟರ್ ಉದ್ದವಿರುವ ಕಣ್ಣು ದೊಡ್ಡವರಾಗುವಷ್ಟರಲ್ಲಿ 23–24 ಮಿಲಿಮೀಟರ್ ಆಗುತ್ತದೆ; ಬಹುಪಾಲು ಬೆಳವಣಿಗೆ ಮೊದಲ ಎರಡು ವರ್ಷಗಳಲ್ಲೇ. ಲೆನ್ಸ್ ಮಾತ್ರ ಇದ್ದಷ್ಟೇ ಇರುತ್ತದೆ. ಇವತ್ತು ಸರಿಹೊಂದಿದ ಪವರ್ ನಾಳೆ ಮೈನಸ್ ನಂಬರಿಗೆ ಜಾರುತ್ತದೆ. ಅದಕ್ಕೇ ವೈದ್ಯರು ಬೇಕೆಂದೇ ಪವರ್ ಕಡಿಮೆ ಇಟ್ಟು, ಉಳಿದದ್ದನ್ನು ಕನ್ನಡಕಕ್ಕೆ ಬಿಡುತ್ತಾರೆ. ಒಂದೇ ಕಣ್ಣಿನ ಪೊರೆಯಾದರೆ ಒಳ್ಳೆಯ ಕಣ್ಣಿಗೆ ದಿನವೂ ಪಟ್ಟಿ ಹಾಕಬೇಕು. ಇಲ್ಲವಾದರೆ ಆಪರೇಷನ್ ಆದ ಕಣ್ಣನ್ನು ಮಿದುಳು ಕೈಬಿಡುತ್ತದೆ.

ಲೆನ್ಸಿನ ಮೇಲಿನ ಕುರುಡು ನಂಬಿಕೆಗೂ ಉತ್ತರವಿದೆ. ಒಂದೇ ಕಣ್ಣಿನಲ್ಲಿ ಪೊರೆಯಿದ್ದ, ಏಳು ತಿಂಗಳೊಳಗಿನ 114 ಶಿಶುಗಳನ್ನು ಅಮೆರಿಕದ ಅಧ್ಯಯನವೊಂದು ನೋಡಿತು. ನಾಲ್ಕೂವರೆ ವರ್ಷವಾದಾಗ, ಲೆನ್ಸ್ ಕೂರಿಸಿದವರಿಗೂ ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರಿಗೂ ದೃಷ್ಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಮರು ಆಪರೇಷನ್ ಹೆಚ್ಚು ಬೇಕಾದದ್ದು ಲೆನ್ಸ್ ಕೂರಿಸಿದವರಿಗೇ.

ಆಪರೇಷನ್ನುಗಳ ಲೆಕ್ಕ ಒಪ್ಪಿಸುವವರು, ಅವುಗಳಲ್ಲಿ ಎಷ್ಟು ಮಕ್ಕಳು ಇವತ್ತು ಶಾಲೆಯ ಬೋರ್ಡು ಓದುತ್ತಿದ್ದಾರೆ ಎಂಬ ಲೆಕ್ಕವನ್ನೂ ಕೊಡಲಿ. ಕೂಲಿ ಬಿಟ್ಟು ತಪಾಸಣೆಗೆ ಬರುವ ತಾಯಿಯ ಬಸ್ ಚಾರ್ಜು, ನಂಬರು ಬದಲಾದಂತೆಲ್ಲ ಹೊಸ ಕನ್ನಡಕ, ಕಣ್ಣಿನ ಪಟ್ಟಿ: ಇವೆಲ್ಲ ಆಪರೇಷನ್ ಖರ್ಚಿನಲ್ಲೇ ಸೇರಬೇಕು. ಸೇರದಿದ್ದರೆ ಅದು ಅರ್ಧ ಚಿಕಿತ್ಸೆ, ಪೂರ್ತಿ ಪ್ರಚಾರ.