ಹೊಸ ಎಂಜಿನು, ಹಳೆಯ ಕಾರ್ಬ್ಯುರೇಟರು
1956ರಲ್ಲಿ ಇಂಗ್ಲೆಂಡಿನ ಮಾರಿಸ್ ಮೈನರ್ ಕಾರಿಗೆ ಬಂದದ್ದು 948 ಸಿ.ಸಿ. ಎಂಜಿನು. ಅದನ್ನಿಳಿಸಿ ಅದೇ ವಂಶದ 1275 ಸಿ.ಸಿ. ಎಂಜಿನನ್ನು ಕೂರಿಸುವ ಹವ್ಯಾಸಿಗಳುಂಟು. ಆದರೆ ಎಸ್.ಯು. ಕಾರ್ಬ್ಯುರೇಟರಿನ ಸೂಜಿಯು ಚಿಕ್ಕ ಎಂಜಿನಿನ ಹಸಿವನ್ನು ನೋಡಿ ಮಾಡಿದುದು. ದೊಡ್ಡದಕ್ಕೆ ಪೆಟ್ರೋಲು ಸಾಲದೆ ಹೋದರೆ ವಾಲ್ವುಗಳೇ ಸುಟ್ಟಾವು! ಆದುದರಿಂದ ತಕ್ಕ ಸೂಜಿಯನ್ನು ಹಾಕಿ, ವಾಲ್ವಿನ ಸಂದು, ಇಗ್ನಿಷನ್ನುಗಳನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಎಂಜಿನು ಚೆನ್ನಾಗಿ ಕಾದ ಮೇಲೆ, ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ನನ್ನು ಪಕ್ಕದ ಪಿನ್ನಿನಿಂದ ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ ಕಿವಿಗೊಡಬೇಕು. ವೇಗವು ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚು. ತಡವರಿಸಿ ಕುಸಿದರೆ ಕಡಿಮೆ. ಕ್ಷಣಮಾತ್ರ ಏರಿ ಮೊದಲಿನಂತಾದರೆ ಸರಿ. ಕೆಳಗಿನ ಜೆಟ್ ನಟ್ಟನ್ನು ಮೇಲಕ್ಕೆ ತಿರುಗಿಸಿದರೆ ಪೆಟ್ರೋಲು ತಗ್ಗುತ್ತದೆ, ಕೆಳಕ್ಕೆ ತಿರುಗಿಸಿದರೆ ಹೆಚ್ಚುತ್ತದೆ. ಪ್ರತಿ ಸಲವೂ ನಟ್ಟಿನ ಒಂದೇ ಮುಖದಷ್ಟು. ಅವಸರದವರಿಗಲ್ಲ ಈ ಕೆಲಸ! ಕೆಲವು ಮೈಲಿ ಓಡಿಸಿ ಬಂದು ಪ್ಲಗ್ಗುಗಳನ್ನು ಬಿಚ್ಚಿದಾಗ ತುದಿಯು ಬಿಳಿಚಿರದೆ, ಮಸಿಗಟ್ಟಿರದೆ, ಬಿಸ್ಕತ್ತಿನ ಬಣ್ಣದಲ್ಲಿದ್ದರೆ ನಟ್ಟನ್ನು ಮತ್ತೆ ಮುಟ್ಟಬೇಕಾಗಿಲ್ಲ.